ಪಟಾಲಂ ಮಾವನ ಬಿಲ್ಲೆ ಬೆಳಗಿದ್ದು

ಹಳೆಯ ವಸ್ತುಗಳನ್ನು ಜೋಪಾನ ಮಾಡುವ ವಿದ್ಯೆಯಲ್ಲಿ ಚಾಮರಾಜನಗರದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ನಂಬಲು ಕಾರಣವೂ ಇತ್ತು. ಸರ್ಕಾರಿ ಕಚೇರಿಯೊಂದರ ರೆಕಾರ್ಡು ಕೋಣೆ ಹನ್ನೆರಡು ವರ್ಷದಿಂದ ನನ್ನ ಸುಪರ್ದಿನಲ್ಲಿತ್ತು. ಅಲ್ಲಿಗೆ ಗೆದ್ದಲು ಕೂಡ ನನ್ನ ಅಪ್ಪಣೆ ಪಡೆದೇ ಬರುತ್ತಿತ್ತು! ಹೀಗಾಗಿ ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಗುಂಡ್ಲುಪೇಟೆಯ ನನ್ನ ಸೋದರತ್ತೆ ಪುಟ್ಟತಾಯಮ್ಮನವರು ತಮ್ಮ ಗಂಡನ ಪಟಾಲಂ ಬಿಲ್ಲೆಗಳನ್ನು ನನ್ನ ಕೈಗಿಟ್ಟಾಗ, ಯೋಗ್ಯ ವಸ್ತು ಯೋಗ್ಯನ ಕೈ ಸೇರಿತು ಎಂದೇ ಭಾವಿಸಿದೆ.

ಅತ್ತೆಯ ಗಂಡ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ, ಜೀವಸಹಿತ ಸಂತೆಮರಹಳ್ಳಿಗೆ ವಾಪಸು ಬಂದು, ಬಂದ ವರ್ಷವೇ ಚಳಿಜ್ವರದಲ್ಲಿ ತೀರಿಕೊಂಡವರು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅತ್ತೆ ಗುಂಡ್ಲುಪೇಟೆಯ ತವರಿಗೆ ಬಂದುಬಿಟ್ಟರು. ಮಾವನ ಒಂದು ಫೋಟೋ ಕೂಡ ಇಲ್ಲ. ನಮಗೆಲ್ಲ ಅವರು ಬರೀ ‘ಪಟಾಲಂ ಮಾವ’. ಅತ್ತೆ ಗಂಡನ ಹೆಸರು ಹೇಳುವವರಲ್ಲ; ನಮ್ಮ ಕಡೆ ಆ ಕಾಲದ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ರೇಷನ್ ಕಾರ್ಡಿನವರು ಬಂದು ಕೇಳಿದಾಗ ಪಕ್ಕದ ಮನೆಯವರು ‘ಪಟಾಲಮಪ್ಪ’ ಎಂದು ಬರೆಸಿ ಕೈ ತೊಳೆದುಕೊಂಡಿದ್ದರು. ಹೆಸರು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೊರಟುಹೋದರು. ನಾನಂತೂ ಯಾರನ್ನೂ ಕೇಳಿರಲಿಲ್ಲ. ಊರಿನವರ ರೆಕಾರ್ಡು ಕಾಯುವವನಿಗೆ ಸ್ವಂತ ಮನೆಯ ರೆಕಾರ್ಡು ಯಾಕೆ!

“ಇದು ಯಾವ ಪಟಾಲಮ್ದು, ಅಲ್ಲಿ ನಮ್ಮೋರು ಏನ್ ಮಾಡ್ತಿದ್ರು, ಬಲ್ಲೋರ್ನ ಕೇಳಿ ನಂಗೊಸಿ ಹೇಳ್ಬುಡು ಮಗ,” ಎಂದರು ಅತ್ತೆ. “ಆಮೇಕೆ ನಿನ್ ತಾವೇ ಮಡಿಕ್ಕೊ. ನಾ ಕಣ್ಮುಚ್ಚುದ್ರೆ ಯಾರಾರ ಗುಜ್ರಿಗೆ ಆಕ್ಬುಡ್ತಾರೆ.”

ಅತ್ತೆ ಕೊಟ್ಟ ಡಬ್ಬಿಯಲ್ಲಿದ್ದದ್ದು ಎರಡೇ: ಟೋಪಿಗೆ ಸಿಕ್ಕಿಸುವ ಹಿತ್ತಾಳೆಯ ಬಿಲ್ಲೆ ಒಂದು, ರಿಬ್ಬನ್ನಿನ ತುಂಡಿಗೆ ಜೋತುಬಿದ್ದ ದುಂಡನೆಯ ಪದಕ ಒಂದು. ಎರಡೂ ಕಪ್ಪಾಗಿ ಕಿಲುಬು ಹಿಡಿದಿದ್ದವು. ಹರದನಹಳ್ಳಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದರು. ಬಿಲ್ಲೆ ನೋಡಿ ಜಾತಕ ಹೇಳುತ್ತಾರೆಂದು ಪ್ರತೀತಿ. 

“ಇರೋ ಹಂಗೇ ತಕೊಂಡೋಗಿ ತೋರ್ಸ್ರೀ,” ಎಂದಳು ನನ್ನ ಹೆಂಡತಿ ಗಿರಿಜ.

“ಮಿಲಿಟರಿಯವರ ಮುಂದೆ ಕಿಲುಬು ಹಿಡಿದ ಬಿಲ್ಲೆ ಇಡೋದಾ? ನಮ್ಮ ಮನೆತನದ ಮರ್ಯಾದೆ ಏನಾಗಬೇಕು?” ಎಂದೆ.

ಅಂದು ಭಾನುವಾರ. ಮರುದಿನದ ಸೋಮವಾರದ ಪೂಜೆಗೆ ಗಿರಿಜ ಹಿತ್ತಲಲ್ಲಿ ಪೂಜೆ ಸಾಮಾನು ಬೆಳಗುತ್ತಿದ್ದಳು. ದೀಪದ ಕಂಬ, ಗಂಟೆ, ತಂಬಿಗೆ ಆದ ಮೇಲೆ ಸಾಲಿನಲ್ಲಿ ನಾನು ಕುಳಿತೆ! ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಬರ್ಮಾದ ಯುದ್ಧಕ್ಕೆ ಸಂದ ಪದಕ ನನ್ನ ಮುಷ್ಟಿಯಲ್ಲಿ ಇನ್ನೊಂದು ಯುದ್ಧ ಕಂಡಿತು. ರಿಬ್ಬನ್ನಿಗೂ ಸ್ನಾನವಾಯಿತು. ಅದರ ಮೂರು ಬಣ್ಣ ಕಲೆತು ಒಂದೇ ಬಣ್ಣವಾಯಿತು. ಅದು ಯಾವ ಬಣ್ಣವೆಂದು ಇಂದಿಗೂ ನನಗೆ ಹೇಳಲು ಬರುವುದಿಲ್ಲ.

ಎಷ್ಟು ತಿಕ್ಕಿದರೂ ಪದಕದ ಅಂಚಿನ ಸುತ್ತ ಸಣ್ಣ ಸಣ್ಣ ಕಪ್ಪು ಗೀರುಗಳು ಮಾತ್ರ ಉಳಿದವು. ಓದಲು ಕನ್ನಡಕ ಬೇಕೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ನಲವತ್ತು ದಾಟಿತೆಂದು ಊರಿಗೆಲ್ಲ ಡಂಗುರ ಸಾರುವುದೇಕೆಂದು ನಾನು ಮಾಡಿಸಿಕೊಂಡಿರಲಿಲ್ಲ. ಸೀದಾ ಅಕ್ಕಸಾಲಿಗರ ಅಂಗಡಿಗೆ ಹೋದೆ.

ಅಕ್ಕಸಾಲಿಗರು ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಸ್ವಾಮಿ, ಇದು ಗೀರಲ್ಲ, ಕೊರ್ದಂಗದೆ.”

“ಐವತ್ತು ವರ್ಷ ಡಬ್ಬಿಯಲ್ಲಿ ಉರುಳಾಡಿದರೆ ನಿಮ್ಮ ಮೈಯೂ ಹಂಗೇ ಆಗುತ್ತೆ. ಅರ ಹಾಕಿ ನುಣ್ಣಗೆ ಮಾಡಿ!”

“ಇನ್ನೊಂದ್ಸಲಿ ಯೋಸ್ನೆ ಮಾಡಿ ಸ್ವಾಮಿ.”

“ಹಳೇದನ್ನು ಕಾಪಾಡೋದೇ ನನ್ನ ಉದ್ಯೋಗ ಕಣ್ರೀ!”

ಅವರು ಅರ ಹಾಕಿದರು. ಪದಕ ಫಳಫಳ ಹೊಳೆಯಿತು. ಅಲ್ಲಿಂದ ಫೋಟೋ ಫ್ರೇಮಿನ ಅಂಗಡಿ. ಕೆಂಪು ಮಖಮಲ್ಲಿನ ಮೇಲೆ ಎರಡನ್ನೂ ಅಂಟು ಹಾಕಿ ಕೂರಿಸಿ, ಚಿನ್ನದ ಬಣ್ಣದ ಚೌಕಟ್ಟು ತೊಡಿಸಿ, ಕೆಳಗೆ ‘ವೀರಯೋಧರ ಸ್ಮರಣಾರ್ಥ’ ಎಂದು ಬರೆಸಿದೆ. ಹೆಸರೇನು ಹಾಕಲಿ ಎಂದು ಅಂಗಡಿಯವನು ಕೇಳಿದ. “ಹೆಸರು ಬೇಡ, ಎಲ್ಲರಿಗೂ ಗೊತ್ತು,” ಎಂದೆ. ಯಾರಿಗೂ ಗೊತ್ತಿರಲಿಲ್ಲ!

ಇಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಕೀರ್ತಿಯ ಹಸಿವು ಕೆಟ್ಟದ್ದು. ಸುಬೇದಾರರನ್ನೇ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಕರೆದೊಯ್ದೆ; ಗಿರಿಜಳೂ ಜೊತೆಗೆ ಬಂದಳು. ಅಕ್ಕಪಕ್ಕದ ಹತ್ತು ಮನೆಯವರಿಗೆ ಉಪ್ಪಿಟ್ಟು, ಕಾಫಿಗೆ ಹೇಳಿಕಳಿಸಿದೆ. ಅತ್ತೆ ಒಗೆದ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ, ಬಾಗಿಲ ಪಕ್ಕ ಗೋಡೆಗೊರಗಿ ಕುಳಿತಿದ್ದರು. ಗಂಡನ ಸುದ್ದಿ ಬರುವ ದಿನವಲ್ಲವೇ.

ಸುಬೇದಾರರು ಫ್ರೇಮನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಇದ ಉಜ್ಜುದೋರು ಯಾರು?”

“ನಾನೇ ಸಾರ್!” ಎಂದೆ, ಎದೆಯುಬ್ಬಿಸಿ.

“ಬಿಚ್ಚು ಮೊದ್ಲು.”

ಅಡುಗೆಮನೆಯ ಚಾಕು ತಂದು ಅಂಟು ಕಿತ್ತದ್ದಾಯಿತು. ಟೋಪಿ ಬಿಲ್ಲೆ ನೋಡಿ ಸುಬೇದಾರರು ತಲೆದೂಗಿದರು. “ಇದು ಸಾಮಾನು ಸಾಗ್ಸೋ ದಳದ್ದು ತಾಯಿ. ಏಸರಗತ್ತೆ ಮ್ಯಾಲೆ ಅಕ್ಕಿ, ಮದ್ದುಗುಂಡು ಏರ್ಕೊಂಡು ಕಾಡುಬೆಟ್ಟ ಅತ್ತಿ ಇಳ್ಯೋರು. ಇವ್ರಿಲ್ದಿದ್ರೆ ಬಂದೂಕ ಇಡ್ದೋರಿಗೆ ಅನ್ನಿಲ್ಲ.”

ಅತ್ತೆಯ ಮುಖ ಅರಳಿತು. “ಊಂ ಕಣಪ್ಪ, ಕತ್ತೆ ಕತೆ ಹೇಳಿ ನಗ್ಸೋರು!”

ಸುಬೇದಾರರು ಪದಕ ಎತ್ತಿಕೊಂಡು ಅಂಚನ್ನು ಬೆಳಕಿಗೆ ಹಿಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು. “ನಂಬ್ರು ಎಲ್ಲೋಯ್ತು?”

“ಯಾವ ನಂಬರ್ ಸಾರ್?”

“ನಮ್ ಸಿಪಾಯಿಗಳ ಪದಕದ ಅಂಚ್ನಲ್ಲಿ ಅವ್ರ ನಂಬ್ರು, ಹೆಸ್ರು ಅಚ್ಚೊಡ್ದಿರ್ತಾರೆ ಕಣಯ್ಯ. ಅದೊಂದಿದ್ರೆ ಒಂದು ಕಾಗ್ದ ಬರ್ದು ಎಲ್ಲಾನೂ ತರ್ಸಬೋದಿತ್ತು. ಯಾವ ಕಂಪ್ನಿ, ಎಲ್ಲೆಲ್ಲಿ ಇದ್ರು, ಎಲ್ಲ. ಅರ ಆಕ್ಸಿದ್ದೀಯಾ?”

“ಗೀರು ಅಂದ್ಕೊಂಡು...”

“ಗೀರಾ? ಆ ಮನ್ಷನ ಹೆಸ್ರನ್ನ ಅಳಿಸಿ ಮಖಮಲ್ ಮ್ಯಾಲೆ ಅಂಟಿಸಿದ್ದೀಯಲ್ಲಯ್ಯ!”

ಉಪ್ಪಿಟ್ಟು ತಿನ್ನುತ್ತಿದ್ದವರ ಕೈ ನಿಂತಿತು. ಅತ್ತೆ ಪದಕ ಇಸಿದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಸುತ್ತು. ಇನ್ನೊಂದು ಸುತ್ತು. “ಇಲ್ಲಿ ಮೊದ್ಲು ಒರಟಾಗಿರೋದು ಕಣ,” ಎಂದರು. ಓದು ಬಾರದ ಆ ಜೀವ ಐವತ್ತು ವರ್ಷ ಅದನ್ನು ಬೆರಳಲ್ಲಿ ಸವರಿಕೊಂಡೇ ಬಂದಿತ್ತು. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಗುಂಡ್ಲುಪೇಟೆಯ ಭೂಮಿ ಗಟ್ಟಿ. ಬಾಯಿ ಬಿಡಲಿಲ್ಲ.

“ಓಗ್ಲಿ, ಹೆಸ್ರಾರ ಹೇಳಿ, ಬರ್ದು ನೋಡನ,” ಎಂದು ಸುಬೇದಾರರು ಪೆನ್ನು ತೆಗೆದರು. ಎಲ್ಲರೂ ನನ್ನನ್ನು ನೋಡಿದರು. ನಾನು ಗಿರಿಜಳನ್ನು ನೋಡಿದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಕೊನೆಗೆ ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನೆಲ ನೋಡುತ್ತಾ ಏನೋ ಅಂದರು.

ಸುಬೇದಾರರಿಗೆ ಕಿವಿ ಸ್ವಲ್ಪ ಮಂದ. “ವಸಿ ಜೋರಾಗಿ ಹೇಳಿ ತಾಯಿ!”

“ಮಾದಪ್ಪ,” ಎಂದರು ಅತ್ತೆ. 

ಆಗ ನನಗೆ ಹೊಳೆಯಿತು: ಅತ್ತೆ ನಮ್ಮ ಸೀಮೆಯ ದೇವರಾದ ಬೆಟ್ಟದ ಮಾದಪ್ಪನನ್ನು ಕೂಡ ಹೆಸರು ಹಿಡಿದು ಕರೆದವರಲ್ಲ. ‘ಬೆಟ್ಟದಯ್ಯ’ ಎಂದೇ ಕೈ ಮುಗಿಯುತ್ತಿದ್ದರು. ದೇವರೆದುರು ಕೂಡ ಆಡದೆ ಕಾಪಾಡಿಕೊಂಡ ಹೆಸರನ್ನು, ಹತ್ತು ಜನ ಉಪ್ಪಿಟ್ಟು ತಿನ್ನುವ ಪಡಸಾಲೆಯಲ್ಲಿ ನಾನು ಎರಡೆರಡು ಸಲ ಹೇಳಿಸಿದ್ದೆ. ಅದರಿಂದ ಉಪಯೋಗವಾದರೂ ಆಯಿತೇ? ಸುಬೇದಾರರು ಪೆನ್ನು ಜೇಬಿಗಿಟ್ಟರು. “ನಮ್ ಸೀಮೇಲಿ ಮನೆಗೊಬ್ಬ ಮಾದಪ್ಪ. ನಂಬ್ರಿಲ್ದೆ ಯಾವ ಮಾದಪ್ಪ ಅಂತ ಉಡುಕ್ಲಿ?”

ನಾನು ಅತ್ತೆಯ ಕಾಲು ಹಿಡಿದೆ. “ತಪ್ಪಾಯ್ತು ಅತ್ತೆ.”

“ಬುಡು ಮಗ. ನೀ ಬೇಕಂತ ಮಾಡ್ದಾ?” ಎಂದರು. ಚೆನ್ನಾಗಿ ಬೈದಿದ್ದರೆ ಸುಖವಾಗಿರುತ್ತಿತ್ತು. ಆಮೇಲೆ ಮೆಲ್ಲಗೆ, “ನಿಂಗೆ ಅಕ್ಸರ ಬತ್ತದಲ್ಲ, ಇದ್ರ ಇಂದ್ಗಡೆ ಅವ್ರ ಹೆಸ್ರ ಬರ್ದುಬುಡು,” ಎಂದರು. ಬಿಲ್ಲೆ, ಪದಕ ಎರಡನ್ನೂ ಮತ್ತೆ ಫ್ರೇಮಿನಲ್ಲಿ ಕೂರಿಸಿ, ಗೆರೆ ಕಾಗದದ ಚೂರಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಮಾದಪ್ಪ’ ಎಂದು ಬರೆದು ಫ್ರೇಮಿನ ಹಿಂದೆ ಅಂಟಿಸಿದೆ. ಉಕ್ಕಿನ ಅಚ್ಚಿನಲ್ಲಿ ಹೊಡೆದು, ಐವತ್ತು ವರ್ಷ ಅತ್ತೆಯ ಬೆರಳಿಗೂ ಸವೆಯದೆ ಬಂದ ಹೆಸರಿಗೆ ನಾನು ಕೊಟ್ಟ ಪರಿಹಾರ ಇದು. ಕೈ ಬೆವರಿ ‘ಮಾ’ ಸ್ವಲ್ಪ ಕಲಸಿಹೋಯಿತು.

“ಇದು ಅಳಿಸೋಗಾಕಿಲ್ವಾ?” ಎಂದು ಕೇಳಿದರು ಅತ್ತೆ.

“ಇವ್ರ ಕೈಗೆ ಸಿಗದಂಗೆ ಮಡಿಕ್ಕೊಳ್ಳಿ ಅತ್ತೆ, ಏನೂ ಆಗಲ್ಲ,” ಎಂದಳು ಗಿರಿಜ.

ಅವಳು ತಮಾಷೆಗೆ ಅಂದಿರಬಹುದು. ಅತ್ತೆ ಅದನ್ನು ಮನಸ್ಸಿಗೆ ತೆಗೆದುಕೊಂಡರು. ಈಗಲೂ ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ, ಅತ್ತೆ ಮೊದಲು ಗೋಡೆಯ ಮೇಲಿನ ಫ್ರೇಮನ್ನು ಇಳಿಸಿ ಒಳಗಿನ ಕೋಣೆಯಲ್ಲಿಟ್ಟು ಚಿಲಕ ಹಾಕುತ್ತಾರೆ. ಆಮೇಲೆ ಹೊರಗೆ ಬಂದು, “ಬಾ ಮಗ, ಕೂತ್ಕೊ,” ಎನ್ನುತ್ತಾರೆ. ಆ ಫ್ರೇಮಿನ ಏಕೈಕ ವಾರಸುದಾರ ನಾನೇ!