ಫ್ಲೂ ಸೂಜಿಯೂ ನನ್ನ ಹೊಟ್ಟೆಕಿಚ್ಚೂ

ಮುದ್ದೇಬಿಹಾಳದ ಒಂದು ಸಣ್ಣ ದವಾಖಾನೆಯಲ್ಲಿ ನಾನು ಹದಿನೆಂಟು ವರ್ಷದಿಂದ ನರ್ಸು. ಮಳೆಗಾಲ ಬಂತೆಂದರೆ ಸಾಕು, ಫ್ಲೂ ಸೂಜಿ ಬೇಕೋ ಬೇಡವೋ ಎಂಬ ವಾದ ಶುರು. ಡಾಕ್ಟರ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ತೋಳು ಮೇಲೇರಿಸುವುದು ಮಾತ್ರ ಪಕ್ಕದವರು ಹಾಕಿಸಿಕೊಂಡರೆಂಬ ಹೊಟ್ಟೆಕಿಚ್ಚಿಗೆ.

೧. ನೆಗೆಣ್ಣಿಯರು

ಒಬ್ಬ ಅತ್ತೆ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದಿದ್ದಳು. ಹಿರಿಯಳು ಸುಮ್ಮನೆ ಸೂಜಿ ಹಾಕಿಸಿಕೊಂಡಳು. ಕಿರಿಯಳು, ತನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಅತ್ತೆ ಹಿರಿಯಳಿಗೆ, ಕೈ ನೋಯಬಹುದು, ಎರಡು ದಿನ ರೊಟ್ಟಿ ಬಡಿಯಬೇಡ ಅಂದಳು. ಕಿರಿಯಳು ಓಡಿ ಬಂದು ಸ್ಟೂಲಿನ ಮೇಲೆ ಕೂತಳು.

ಮರುದಿನ ಒಬ್ಬಳೇ ಮತ್ತೆ ಬಂದಳು, ಮುಖ ಕೆಂಪಾಗಿತ್ತು.

"ಅಕ್ಕಗ ಚಲೋ ಸೂಜಿ ಹಾಕಿ, ನನಗ ಬರೇ ನೀರು ಹಾಕೀರೇನ್ರಿ? ನನ್ನ ಕೈ ನೋಯವಲ್ದು!"

೨. ಇಂಡಿಯ ಬೀಗರು

ಇಂಡಿ ಕಡೆಯ ನಿಂಬೆ ತೋಟದ ಯಜಮಾನರೊಬ್ಬರು ಮಗಳ ಮನೆಗೆ ಬಂದವರು ದವಾಖಾನೆಗೂ ಬಂದರು. ನಿಂಬೆಹಣ್ಣು ಇರುವತನಕ ಸೂಜಿ ಯಾಕೆ ಬೇಕು ಎಂದು ಡಾಕ್ಟರಿಗೇ ಅರ್ಧ ತಾಸು ಬುದ್ಧಿ ಹೇಳಿದರು. ಅವರ ಬೀಗರು ಮೊನ್ನೆಯೇ ಹಾಕಿಸಿಕೊಂಡು ಹೋದರು ಎಂದೆ. ಯಜಮಾನರು ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. ಆಮೇಲೆ, ಬೀಗರು ಯಾವ ಕೈಗೆ ಹಾಕಿಸಿಕೊಂಡರು ಎಂದು ಕೇಳಿದರು. ಎಡಗೈಗೆ ಎಂದೆ.

"ಹಂಗಾರ ನನಗ ಎರಡೂ ಕೈಗೆ ಹಾಕ್ರಿ."

೩. ಹಗುರ ಕೈ

ಅವರನ್ನು ನೋಡಿ ನಗುತ್ತಿದ್ದ ನನಗೂ ಹೊಟ್ಟೆಕಿಚ್ಚು ಹತ್ತಿತು. ಸಿಂದಗಿಯಿಂದ ಹೊಸ ನರ್ಸೊಬ್ಬಳು ಬಂದಳು. ಆಕೆ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ಊರೆಲ್ಲ ಸುದ್ದಿ. ನಾನು ಖಾಲಿ ಕೂತಿದ್ದರೂ ಜನ ಆಕೆಯ ಮುಂದೆ ಸಾಲು ಹಚ್ಚುತ್ತಿದ್ದರು.

ನನ್ನ ಗಂಡ ಸಾಲಿ ಮಾಸ್ತರ, ಸೂಜಿಯೆಂದರೆ ಬೆವರುವ ಮನುಷ್ಯ. ಫ್ಲೂ ಸೂಜಿ ಹಾಕಿಸಿಕೊಳ್ಳಿರೆಂದು ತಿಂಗಳುಗಟ್ಟಲೆ ಊಟದ ಹೊತ್ತಿಗೆ ಹೇಳಿದೆ. ಯೋಚಿಸುತ್ತೇನೆ ಅನ್ನುತ್ತಿದ್ದ. ನಾನು ಬಸವನ ಬಾಗೇವಾಡಿಯ ತವರಿಗೆ ಹೋಗಿ ಎರಡು ದಿನ ಬಿಟ್ಟು ಬರುವಷ್ಟರಲ್ಲಿ ಆ ಹೊಸ ನರ್ಸಿನ ಕೈಯಿಂದ ಹಾಕಿಸಿಕೊಂಡಿದ್ದ.

ನನಗೆ ಅಳುವೇ ಬಂತು. ಆತ ಸಮಾಧಾನ ಮಾಡಿದ.

"ನಿನ್ನ ಮಾತಿಗೇ ಹಾಕಿಸ್ಕೊಂಡೆ. ಕೈ ಅಷ್ಟ ಬ್ಯಾರೆ."

೪. ನನ್ನ ಸರದಿ

ಆ ವಾರವೇ ಡಾಕ್ಟರು, ದಿನವೂ ರೋಗಿಗಳ ನಡುವೆ ಇರುವವರು ನೀವೂ ಹಾಕಿಸಿಕೊಳ್ಳಿ ಅಂದರು. ನನಗೆ ಹಾಕುವವಳು ಆಕೆಯೇ. ಹೊರಗೆ ಬೆಂಚಿನ ತುಂಬ ಜನ, ಅವರ ನಡುವೆ ನನ್ನನ್ನು ಮನೆಗೆ ಕರೆದೊಯ್ಯಲು ಬಂದ ಗಂಡ. ಎಷ್ಟೇ ಹಗುರವಾಗಿರಲಿ, ಎಲ್ಲರಿಗೂ ಕೇಳುವಂತೆ ಚೀರಿ ಆಕೆಯ ಹೆಸರು ಕೆಡಿಸಬೇಕೆಂದು ನಿರ್ಧಾರ ಮಾಡಿದೆ.

ಗೋಡೆಗೆ ಮುಖ ತಿರುಗಿಸಿ ಕಣ್ಣು ಮುಚ್ಚಿದೆ. ತೋಳಿಗೆ ತಣ್ಣಗೆ ಏನೋ ತಗುಲಿತು. "ಸತ್ನೆವ್ವೋ" ಎಂದು ಚೀರಿದೆ. ಹೊರಗಿನ ಜನ ಎದ್ದು ಬಾಗಿಲಿಗೆ ಬಂದರು, ಗಂಡ ಎಲ್ಲರಿಗಿಂತ ಮುಂದೆ. ಎಷ್ಟು ನೋವಾಯಿತೆಂದು ಅವರಿಗೆಲ್ಲ ವಿವರಿಸತೊಡಗಿದೆ.

ಆಕೆ ಹತ್ತಿ ಹಿಡಿದುಕೊಂಡು ಮೆಲ್ಲಗೆ ಅಂದಳು:

"ಅಕ್ಕಾರ, ನಾ ಇನ್ನೂ ಸ್ಪಿರಿಟ್ ಹಚ್ಚಾಕತ್ತೇನ್ರಿ. ಸೂಜಿ ಟೇಬಲ್ ಮ್ಯಾಲೇ ಐತಿ."