ಬರೀ ಸಾರಿನ ಸೇಡು

ಸೇಡು ತೀರಿಸಿಕೊಳ್ಳಲು ಕೆಲವರು ಮಚ್ಚು ಮಸೆಯುತ್ತಾರೆ, ಕೆಲವರು ಕೋರ್ಟಿಗೆ ಹೋಗುತ್ತಾರೆ. ನಾನು ನಾಟಕ ಬರೆದೆ! ಚನ್ನರಾಯಪಟ್ಟಣದಲ್ಲಿ ಬಣ್ಣ, ಮೊಳೆ, ಪೈಪು ಮಾರುವ ಅಂಗಡಿ ಇಟ್ಟುಕೊಂಡವನಿಗೆ ಸಾಹಿತ್ಯವೇನು ಮಹಾ ವಿದ್ಯೆ? ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಗಲ್ಲಾದ ಹಿಂದೆ ಕೂತು ಒಂದು ಮಳೆಗಾಲದಲ್ಲಿ ಬರೆದು ಬಿಸಾಕಿದೆ. ಹೆಸರು 'ತೊಡೆ ತಟ್ಟಿದ ತಮ್ಮ'.

ಸೇಡು ಯಾರ ಮೇಲೆ ಎಂದರೆ, ನನ್ನ ಹೆಂಡತಿಯ ತಮ್ಮ ಮಂಜನ ಮೇಲೆ. ಕಟ್ಟಾಯದಲ್ಲಿ ಹೊಲ ತೋಟ ನೋಡಿಕೊಂಡಿರುವ ಆಸಾಮಿ. ಅವನು ನನಗೆ ಮಾಡಿದ ಅನ್ಯಾಯವನ್ನು ಕೇಳಿದರೆ ಕಲ್ಲೂ ಕರಗಬೇಕು.

ನನ್ನ ನಾದಿನಿಯ ಮದುವೆಯಾದ ಮೇಲೆ ಬೀಗರೂಟ ಇಟ್ಟಿದ್ದರು. ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ಈ ಸಮಾರಂಭಕ್ಕೆ ನಮ್ಮ ಕಡೆ ಮದುವೆಗಿಂತ ಹೆಚ್ಚು ಜನ ಸೇರುತ್ತಾರೆ. ನಾನು ಆ ಮನೆಯ ಹಿರಿ ಅಳಿಯ. ಗರಿಗರಿ ಪಂಚೆ ಉಟ್ಟು, ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಹೊಟ್ಟೆಯನ್ನು ಸಜ್ಜು ಮಾಡಿಕೊಂಡು ಹೋಗಿದ್ದೆ. ಮೊದಲ ಪಂಕ್ತಿಯಲ್ಲಿ ಇನ್ನೇನು ಕೂರಬೇಕು, ಬಡಿಸುವ ಉಸ್ತುವಾರಿ ಹೊತ್ತಿದ್ದ ಮಂಜ ಓಡಿ ಬಂದು ಹೆಗಲ ಮೇಲೆ ಕೈ ಇಟ್ಟ.

"ಭಾವ, ನೀವ್ ಆಮ್ಯಾಕ್ ಕೂತ್ಕಳಿ."

ಆಮ್ಯಾಕೆ ಎಂದರೆ ಕೊನೇ ಪಂಕ್ತಿ! ಎಲೆಗೆ ಮುದ್ದೆ ಬಂತು. ಸಾರು ಬಂತು. ಮಾಂಸದ ತುಂಡು ಬರಲಿಲ್ಲ! ಬಕೆಟ್ಟಿನ ತಳದಲ್ಲಿ ಸೌಟು ಗರಗರ ಸದ್ದು ಮಾಡಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಮನೆಗೆ ಬಂದು ಹೆಂಡತಿ ಲಲಿತಳ ಮುಂದೆ ನನ್ನ ದುಃಖವನ್ನು ತೋಡಿಕೊಂಡೆ. ಅವಳು ಒಡವೆ ಬಿಚ್ಚುತ್ತಾ, "ಪಾಪ, ಅವ್ನೊಬ್ನೇ ಎಷ್ಟ್ ಕಡೆ ಅಂತ ನೋಡ್ಕತಾನೆ?" ಎಂದಳು.

ಪಾಪ! ಈ ಪದವನ್ನು ನಮ್ಮ ಮನೆಯಲ್ಲಿ ಮಂಜನಿಗೇ ಬರೆದುಕೊಟ್ಟಾಗಿದೆ. ಅವನು ಬೈಕು ತಂದು ನಮ್ಮ ಗೇಟಿಗೆ ಗುದ್ದಿದರೆ, ಗೇಟು ನನ್ನದು, ಪಾಪ ಅವನು. ನನ್ನ ಅಂಗಡಿಯಿಂದ ಒಯ್ದ ಏಣಿ ಮುರಿದು ತಂದರೆ, ಏಣಿ ನನ್ನದು, ಪಾಪ ಅವನು! ಮದುವೆಯಾಗಿ ಇಷ್ಟು ವರ್ಷವಾಯಿತು, ಲಲಿತ ನನ್ನ ಮುಖ ನೋಡಿ ಒಂದೇ ಒಂದು ಸಲ 'ಪಾಪ' ಎಂದವಳಲ್ಲ. ಅದೊಂದು ಮಾತು ಅವಳ ಬಾಯಿಂದ ಬಂದರೆ ಸಾಕು, ತುಂಡಿನ ಲೆಕ್ಕ ಚುಕ್ತಾ ಎಂದು ನಾನು ತೀರ್ಮಾನಿಸಿಬಿಟ್ಟೆ.

ಆದ್ದರಿಂದ ನಾಟಕ. ಕಥೆ ಸರಳ. ಬೂವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣದ ಪಕ್ಕ ಜಮೀನಿರುವ ಅಣ್ಣ ತಮ್ಮಂದಿರು. ದುಷ್ಟ ಅಣ್ಣ ಮೋಸದಿಂದ ಜಮೀನು ಲಪಟಾಯಿಸಿ ತಮ್ಮನನ್ನು ಊಟದ ತಟ್ಟೆಯ ಮುಂದಿನಿಂದಲೇ ಎಬ್ಬಿಸಿ ಹೊರದಬ್ಬುತ್ತಾನೆ. ತಮ್ಮ ತೊಡೆ ತಟ್ಟಿ ಸೇಡಿನ ಶಪಥ ಮಾಡುತ್ತಾನೆ. ಕೊನೆಗೆ ಅಣ್ಣ ಕಾಲಿಗೆ ಬೀಳುತ್ತಾನೆ, ತಮ್ಮ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಾನೆ. ತಮ್ಮನ ಪಾತ್ರ ಯಾರದು ಎಂದು ಹೇಳಬೇಕಾಗಿಲ್ಲ. ದುಷ್ಟ ಅಣ್ಣನ ಪಾತ್ರಕ್ಕೆ ಮಂಜನನ್ನು ಕೇಳಿದೆ.

"ಭಾವ ಕೇಳ್ತಾವ್ರೆ ಅಂದ್ರೆ ಇಲ್ಲ ಅನ್ನಕಾಯ್ತದಾ?" ಎಂದ. ಕುರಿ ತಾನಾಗಿಯೇ ಬಂದು ಹಳ್ಳಕ್ಕೆ ಬಿತ್ತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ನಾಟಕ ಕಲಿಸಲು ಅರಕಲಗೂಡಿನಿಂದ ಶಿವಣ್ಣ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದರು. ತಾನು ನುಡಿಸದಿದ್ದರೆ ಜಿಲ್ಲೆಯಲ್ಲಿ ಯಾರೂ ಅಳುವುದಿಲ್ಲ ಎಂದು ನಂಬಿರುವ ಮನುಷ್ಯ. ನಾನು ಸೇಡಿನ ಮಾತುಗಳನ್ನು ಗಂಟಲು ಹರಿಯುವಂತೆ ಒದರುವುದನ್ನು ನೋಡಿ ಎಚ್ಚರಿಸಿದರು.

"ಸಾ, ಸೇಡು ಅನ್ನೋದು ಉಪ್ಪಿದ್ದಂಗೆ. ಒಂಚೂರು ಆಕಿದ್ರೆ ರುಚಿ. ಜನ ನೊಂದೋನ್ ಕಡೆ ಇರ್ತಾರೆ, ಸರಿ. ಆದ್ರೆ ನೊಂದೋನು ಚಾವಟಿ ತಕಂಡ್ ನಿಂತ್ನೋ, ಏಟ್ ತಿನ್ನೋನ್ ಕಡೀಕೆ ಓಯ್ತಾರೆ. ಅಣ್ಣ ಕಾಲಿಗ್ ಬಿದ್ ತಕ್ಷಣ ಕ್ಷಮಿಸ್ಬುಡಿ."

"ನಂಗೊತ್ತು ಬಿಡಿ ಮೇಷ್ಟ್ರೇ, ನಾಟಕ ಬರೆದೋನು ನಾನು," ಎಂದೆ. ಮೇಷ್ಟ್ರು ಒಂದು ಚಿಟಿಕೆ ನಶ್ಯ ಏರಿಸಿ ಹಾರ್ಮೋನಿಯಂ ಕಡೆ ತಿರುಗಿದರು.

ಈಗ ರಾತ್ರಿಯೆಲ್ಲಾ ಕೂತು ನಾಟಕ ನೋಡುವ ಸೊಂಟ ಯಾರಿಗಿದೆ? ಹಾಸನದಲ್ಲಿ ಒಂದು ಸಭಾಂಗಣ ಹಿಡಿದು, ಬೆಳಿಗ್ಗೆ ಪರದೆ ಎತ್ತಿ, ಮಧ್ಯಾಹ್ನ ಬಾಡೂಟ ಹಾಕಿ ಕಳಿಸುವುದೆಂದು ನಿಶ್ಚಯವಾಯಿತು. ಬಾಡೂಟ ಇದೆ ಎಂದ ಮೇಲೆ ಕಲಾಭಿಮಾನಿಗಳಿಗೆ ಬರವೇ? ಕಟ್ಟಾಯ, ಹಳೇಕೋಟೆ, ಹೊಳೆನರಸೀಪುರದ ಕಡೆಯಿಂದ ನೆಂಟರು ಟೆಂಪೋ ಮಾಡಿಕೊಂಡು ಬಂದಿಳಿದರು.

ನಮ್ಮ ಕಡೆಯ ನಾಟಕಗಳಲ್ಲಿ ಒಂದು ಪದ್ಧತಿಯಿದೆ. ನಟನ ನೆಂಟರಿಷ್ಟರು ನಾಟಕದ ನಡುವೆಯೇ ರಂಗ ಹತ್ತಿ ಹಾರ ಹಾಕುತ್ತಾರೆ. ಕೊಲೆಯೇ ನಡೆಯುತ್ತಿರಲಿ, ಕೊಲ್ಲುವವನೂ ಸಾಯುವವನೂ ಒಂದು ಗಳಿಗೆ ನಿಂತು, ಹಾರ ಹಾಕಿಸಿಕೊಂಡು, ಫೋಟೋಗೆ ಮುಖ ಕೊಟ್ಟು, ಆಮೇಲೆ ಕೊಲೆ ಮುಂದುವರಿಸುತ್ತಾರೆ! ಯಾರ ಕೊರಳಲ್ಲಿ ಹಾರ ಹೆಚ್ಚೋ ಅವನ ಪರ ಜನ ಇದ್ದಾರೆಂದು ಅರ್ಥ. ಇದನ್ನರಿತ ನಾನು ಮುಂಜಾಗ್ರತೆಯಾಗಿ ಹಾಸನದ ಮಾರುಕಟ್ಟೆಯಲ್ಲಿ ಸುಗಂಧರಾಜದ ಆಳುದ್ದದ ಹಾರವೊಂದನ್ನು ಕೊಂಡು ಲಲಿತಳ ಕೈಗೆ ಕೊಟ್ಟೆ.

"ಅಣ್ಣ ಕಾಲಿಗೆ ಬಿದ್ದಾಗ ಬಂದು ಹಾಕು."

"ಅಲ್ರೀ, ನಿಮ್ ದುಡ್ನಲ್ಲಿ ನೀವೇ ಆರ ತಂದು ಆಕುಸ್ಕತೀರಾ? ನಾಚ್ಕೆ ಆಗಲ್ವಾ?"

"ಕಲೆಗೆ ನಾಚಿಕೆ ಇಲ್ಲ!" ಎಂದು ಹೇಳಿ ಬಣ್ಣದ ಕೋಣೆಗೆ ಹೋದೆ.

ಪರದೆ ಎದ್ದಿತು. ಮೊದಲ ದೃಶ್ಯದಲ್ಲಿ ದುಷ್ಟ ಅಣ್ಣ ತಮ್ಮನ ಅನ್ನದ ತಟ್ಟೆಯನ್ನು ಕಾಲಿನಿಂದ ಒದೆಯಬೇಕು. ಮಂಜ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಕಾಲೆತ್ತಿದ. ತಟ್ಟೆ ನೋಡಿದ. ಕಾಲಿಳಿಸಿ, ಬಗ್ಗಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮೂಲೆಯಲ್ಲಿಟ್ಟು, ಕಣ್ಣಿಗೊತ್ತಿಕೊಂಡ!

"ಒದಿಯೋ!" ಎಂದು ನಾನು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಅನ್ನ ಕಣ್ ಭಾವ! ಒದೆಯಕಾಯ್ತದಾ?" ಅವನಿಗೆ ಪಿಸುಗುಟ್ಟಲು ಬಾರದು. ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿ ಚಪ್ಪಾಳೆ ಬಿತ್ತು. ಆಮೇಲೆ "ತೊಲಗು ದ್ರೋಹಿ!" ಎಂದು ಗರ್ಜಿಸಿ ನನ್ನನ್ನು ದಬ್ಬಿದವನು, "ಉಸಾರು ಭಾವ, ಮೆಟ್ಲೈತೆ," ಎಂದು ರಟ್ಟೆ ಹಿಡಿದುಕೊಂಡ.

ಆದರೂ ನನ್ನ ಸರದಿ ಬಂದಾಗ ನಾನು ಬಿಡಲಿಲ್ಲ. ಹೇಮಾವತಿಯ ದಂಡೆಯಲ್ಲಿ ನಿಂತು, ಹೊಟ್ಟೆಗಿಲ್ಲದೆ, ನೆಲೆಯಿಲ್ಲದೆ ಗೋಳಾಡುವ ದೃಶ್ಯ. ಶಿವಣ್ಣ ಮೇಷ್ಟ್ರು ಹಾರ್ಮೋನಿಯಂನಲ್ಲಿ ಕರುಳು ಹಿಂಡುತ್ತಿದ್ದರು. ನಾನು ನಿಜವಾಗಿ ಆ ಬೀಗರೂಟವನ್ನೇ ನೆನೆದುಕೊಂಡೆ. ಕಣ್ಣೀರು ದಳದಳ ಇಳಿಯಿತು! ಹೆಂಗಸರು ಮೂಗೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಕಟ್ಟಾಯದ ಚಿಕ್ಕಮಾವ, ಲಲಿತಳ ಚಿಕ್ಕಪ್ಪ, ಟವೆಲು ಕಣ್ಣಿಗೊತ್ತಿಕೊಂಡು ಎದ್ದು ನಿಂತರು.

"ಜಮೀನು ಎಕ್ರೆ ಎಷ್ಟ್ಕೆ ಓಯ್ತಂತಪ್ಪಾ?"

ಅವರನ್ನು ಪಕ್ಕದವರು ಎಳೆದು ಕೂರಿಸಿದರು. ನಾನು ಓರೆಗಣ್ಣಿನಿಂದ ಲಲಿತಳನ್ನು ನೋಡಿದೆ. ಅವಳೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ! ಆಹಾ! ತುಟಿ ಅಲುಗುತ್ತದೆ, ಇನ್ನೇನು ಆ ಪದ ಬರುತ್ತದೆ ಎಂದು ಕಾದೆ. ಕಣ್ಣೀರು ಬಂತು, ಪಾಪ ಬರಲಿಲ್ಲ. ಇನ್ನು ಸ್ವಲ್ಪ ಸೇಡು ಹೆಚ್ಚಿಗೆ ಹಾಕಿದರೆ ಬಂದೇ ಬರುತ್ತದೆ ಎಂಬ ದುರ್ಬುದ್ಧಿ ನನಗೆ ಹುಟ್ಟಿದ್ದೇ ಆಗ. ಕೆಡುಗಾಲಕ್ಕೆ ಬುದ್ಧಿ ಕೆಟ್ಟಿತು!

ಕೊನೆಯ ದೃಶ್ಯ. ಹಿಂದೆ ಬಣ್ಣದ ಕಾಡಿನ ಪರದೆ. ನನ್ನ ಕೈಯಲ್ಲಿ ಚಾವಟಿ. ಮಂಜ ಧೊಪ್ಪೆಂದು ಮಂಡಿಯೂರಿದ. ಅವನ ಮಂಡಿನೋವು ಊರಿಗೆಲ್ಲ ಗೊತ್ತು.

"ತಮ್ಮಾ, ತಪ್ಪಾಯಿತು! ಕ್ಷಮಿಸು!"

'ಏಳು ಅಣ್ಣಾ, ಕ್ಷಮಿಸಿದೆ' ಎಂಬುದು ನನ್ನ ಮಾತು. ನಾನೇ ಬರೆದದ್ದು. ನಾನು ಹೇಳಲಿಲ್ಲ.

"ಕ್ಷಮೆಯೇ? ನಿನಗೇ? ಹ್ಹ ಹ್ಹ ಹ್ಹ!"

ಹಾರ್ಮೋನಿಯಂ ಹಿಂದಿನಿಂದ ಮೇಷ್ಟ್ರು, "ಕ್ಷಮಿಸ್ಬುಡಿ ಸಾ!" ಎಂದರು. ಕ್ಷಮಿಸಲಿಲ್ಲ. ಮುಂದಿನ ಮಾತು ಗೊತ್ತಾಗದ ಮಂಜ ಹಿಂದಿನ ಮಾತನ್ನೇ ಮತ್ತೆ ಹೇಳಿದ. ನಾನು ಅವನ ಸುತ್ತ ಹುಲಿಯಂತೆ ತಿರುಗಿದೆ. ಅಂಟಿಸಿದ್ದ ಮೀಸೆಯ ಒಂದು ಕಡೆ ಬೆವರಿಗೆ ಬಿಟ್ಟುಕೊಂಡು ಬಾಯಿಗೆ ಬರುತ್ತಿತ್ತು. ಅದನ್ನು ಊದಿಕೊಂಡೇ ಅಬ್ಬರಿಸಿದೆ.

"ನನ್ನ ಮನೆ ಕಸಿದೆ! ನನ್ನ ಮಣ್ಣು ಕಸಿದೆ! ಸಾಲದೆಂದು, ಹಿರಿ ಅಳಿಯನಾದ ನನ್ನನ್ನು ಕೊನೇ ಪಂಕ್ತಿಯಲ್ಲಿ ಕೂರಿಸಿ, ಒಂದೂ ತುಂಡು ಹಾಕದೆ, ಬರೀ ಸಾರು ಬಡಿಸಿದೆಯಲ್ಲೋ ಪಾಪೀ!"

ನಾಟಕದ ತಮ್ಮ ಇದ್ದಕ್ಕಿದ್ದಂತೆ ಅಳಿಯ ಹೇಗಾದ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಿಕ್ಕಮಾವನ ದನಿ ಎದ್ದಿತು. "ಓಹೋ, ಇದು ನಮ್ ಬೀಗ್ರೂಟುದ್ ಇಸ್ಯ ಕಣ್ರಪ್ಪೋ!"

ಮಂಜ ಮಂಡಿಯೂರಿದ್ದಲ್ಲಿಂದಲೇ ತಲೆಯೆತ್ತಿದ. ಕಿರೀಟದಂಥ ರುಮಾಲು, ಹುರಿಮೀಸೆ, ಒಳಗೆ ಅದೇ ಕಟ್ಟಾಯದ ಮಂಜನ ಮುಖ.

"ಅಯ್ಯೋ ಭಾವ, ಅದುನ್ನ ಇಷ್ಟ್ ದಿನ ಮನ್ಸಲ್ ಮಡೀಕಂಡಿದ್ರಾ? ಬೀಗ್ರು ಏಳಿದ್ಕಿಂತ ಎಚ್ಗೆ ಬಂದ್ಬುಟ್ರು. ಮನೆಯೋರು ಮೊದ್ಲು ತಿನ್ನಕಾಯ್ತದಾ? ನೀವ್ ನಮ್ಮೋರು ಅಂತ ನಮ್ ಜತೆ ಕೊನೇಲಿ ಕೂರ್ಸ್ಕಂಡೆ. ನಂಗೂ ತುಂಡಿರ್ಲಿಲ್ಲ ಭಾವ. ಅವತ್ತು ನಂಗೆ ಸಾರೂ ಸಿಗ್ಲಿಲ್ಲ. ಮಜ್ಗೇಲಿ ಮುದ್ದೆ ನುಂಗ್ದೆ."

"ಪಾಪ!" ಎಂದಿತು ಇಡೀ ಸಭಾಂಗಣ, ಒಂದೇ ದನಿಯಲ್ಲಿ.

ಆಗಲಾದರೂ ನಾನು ಕ್ಷಮಿಸಬಹುದಿತ್ತು. ಆದರೆ ಅವನಿಗೇ ಪಾಪವೆಂದದ್ದನ್ನು ಕೇಳಿ ನನಗೆ ಮೈಮೇಲೆ ಬಂದಂತಾಯಿತು. "ಮೌನ!" ಎಂದು ಕೂಗಿ ಚಾವಟಿಯನ್ನು ಗಾಳಿಯಲ್ಲಿ ಬೀಸಿದೆ. ಅದು ಹೋಗಿ ಹಿಂದಿನ ಪರದೆ ಕಟ್ಟಿದ್ದ ಬಿದಿರಿನ ಗಳುವಿಗೆ ಸುತ್ತಿಕೊಂಡಿತು. ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಬಂತು! ಕಾಡು, ಬೆಟ್ಟ, ಜಿಂಕೆ ಎಲ್ಲವೂ ಗಳು ಸಮೇತ ನನ್ನ ತಲೆಯ ಮೇಲಕ್ಕೆ ಬಂತು! ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಮಂಜ ನೋವಿನ ಮಂಡಿಯಲ್ಲೇ ಎದ್ದು, ಗಳುವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾನೆ. "ಆಚೀಕೆ ಓಗಿ ಭಾವ, ಭಾರ ಐತೆ."

ಇನ್ನೇನು ಉಳಿಯಿತು? ಜನ ದಡದಡ ರಂಗ ಹತ್ತಿದರು. ನನಗೆಂದು ತಂದಿದ್ದ ಹಾರಗಳೂ ಮಂಜನ ಕೊರಳಿಗೆ. ನನ್ನ ಸ್ವಂತ ಊರಿನ ಹಳೇಕೋಟೆಯವರೂ ಅವನ ಕೊರಳಿಗೇ! ಮೇಷ್ಟ್ರು ಸೇಡಿನ ರಾಗ ನಿಲ್ಲಿಸಿ ಮಂಗಳ ನುಡಿಸಲು ಶುರುಮಾಡಿದರು. ಕೊನೆಯಲ್ಲಿ ಲಲಿತ ಆಳುದ್ದದ ಸುಗಂಧರಾಜದ ಹಾರ ಹಿಡಿದು ನಿಧಾನಕ್ಕೆ ಬಂದಳು. ನಾನು ಮೀಸೆ ಒತ್ತಿಕೊಂಡು, ಕತ್ತು ಸ್ವಲ್ಪ ಬಗ್ಗಿಸಿದೆ. ಎಷ್ಟಾದರೂ ಕಟ್ಟಿಕೊಂಡವಳು!

ಹಾರ ನನ್ನ ಮೂಗಿನ ಮುಂದೆಯೇ ಹಾದು ಅವಳ ತಮ್ಮನ ಕೊರಳಿಗೆ ಬಿತ್ತು. ವಾಸನೆ ಮಾತ್ರ ನನಗೆ ಬಂತು.

ಊಟದ ಹೊತ್ತಿಗೆ ನಾನು ಬಣ್ಣದ ಕೋಣೆಯಿಂದ ತಲೆ ತಗ್ಗಿಸಿಕೊಂಡು ಬಂದೆ. ಮೊದಲ ಪಂಕ್ತಿಯಲ್ಲಿ ನನಗೆಂದೇ ಒಂದು ಎಲೆ ಹಾಕಿ ಕಾದಿದ್ದರು. ಚಿಕ್ಕಮಾವ ಕೈ ಹಿಡಿದು ಎಳೆದರು. "ಬಾರಪ್ಪಾ ಅಳಿಯ, ಮೊದ್ಲು ನೀನ್ ತಿನ್ನು. ನಮಿಗೆ ಇನ್ನೊಂದ್ ನಾಟ್ಕ ನೋಡೋ ಶಕ್ತಿ ಇಲ್ಲ!"

ಎಲ್ಲರೂ ನಕ್ಕರು. ನನಗೂ ನಗು ಬಂತು. ಅತ್ತ ನೋಡಿದರೆ ಮಂಜ ಮೀಸೆ ಕೂಡ ತೆಗೆಯದೆ ಬಕೆಟ್ಟು ಹಿಡಿದು ಕುಂಟುತ್ತಾ ಬಡಿಸುತ್ತಿದ್ದ. "ಬೇಡ ಚಿಕ್ಕಮಾವ, ನಾನು ಮನೆಯೋನು. ಕೊನೇಲಿ ಕೂರ್ತೀನಿ," ಎಂದುಬಿಟ್ಟೆ. ಹೇಳುವಾಗ ಎದೆ ತುಂಬಿ ಬಂದಿದ್ದು ನಿಜ. ಸಾರಿನ ಘಮ ಬಂದಾಗ ಹೇಳಬಾರದಿತ್ತೇನೋ ಅನ್ನಿಸಿದ್ದೂ ನಿಜ.

ಕೊನೇ ಪಂಕ್ತಿ. ಒಂದು ಪಕ್ಕ ಲಲಿತ, ಇನ್ನೊಂದು ಪಕ್ಕ ಮೇಷ್ಟ್ರು, ಎದುರಿಗೆ ಮಂಜನ ಖಾಲಿ ಎಲೆ. ಮುದ್ದೆ ಬಂತು. ಸಾರು ಬಂತು. ಬಕೆಟ್ಟಿನ ತಳದಲ್ಲಿ ಸೌಟು ಗರಗರ ಎಂದಿತು. ಮಂಜನ ಮುಖ ಬಿಳಿಚಿಕೊಂಡಿತು. ಇಡೀ ಪಂಕ್ತಿ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು.

"ಭಾವ... ಜನ ಎಚ್ಗೆ ಬಂದ್ಬುಟ್ರು..."

"ಪರವಾಗಿಲ್ಲ ಕಣ್ಲಾ ಮಂಜ. ನೀನೂ ಕೂತ್ಕೊ, ಮಂಡಿ ನೋಯ್ತದೆ," ಎಂದೆ. ಎಂದವನು ನಾನೇ!

ಲಲಿತ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಒಂದು ಕಡೆ ಕಿತ್ತು ನೇತಾಡುತ್ತಿದ್ದ ಮೀಸೆ, ಹಣೆಯಲ್ಲಿ ಅಳಿಸದ ಬಣ್ಣ, ಮುಂದೆ ಬರೀ ಸಾರು. ತನ್ನ ಎಲೆಯಿಂದ ಇದ್ದ ಒಂದೇ ತುಂಡನ್ನು ಎತ್ತಿ ನನ್ನ ಮುದ್ದೆಯ ಪಕ್ಕದಲ್ಲಿಟ್ಟಳು.

"ಪಾಪ," ಎಂದಳು.

ಕೊನೆಗೂ ಬಂತು! ಕಣ್ಣು ಮಂಜಾಯಿತು. ಕಳಚಿ ಬಂದ ಕಾಡು, ಹೋದ ಹಾರ, ಮಾನ, ಮರ್ಯಾದೆ ಎಲ್ಲಕ್ಕೂ ಬೆಲೆ ಸಿಕ್ಕಿತೆಂದು ಆ ತುಂಡನ್ನು ಭಕ್ತಿಯಿಂದ ಬಾಯಿಗಿಟ್ಟು ಕಚ್ಚಿದೆ.

ಆಲೂಗಡ್ಡೆ!

ಲಲಿತ, "ಹೆಂಗೈತೆ?" ಎಂದು ಕೇಳಿದಳು. ಮಂಜ, ಮೇಷ್ಟ್ರು, ಊಟ ಮುಗಿಸಿ ಬಂದು ನಿಂತಿದ್ದ ಚಿಕ್ಕಮಾವ ಎಲ್ಲರೂ ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಚೆನ್ನಾಗಿ ಬೆಂದೈತೆ," ಎಂದು ನುಂಗಿಕೊಂಡೆ.