ಶೇಖರ ಹೇಳಿದ ಗಾಳಿ

ತಪ್ಪಾದದ್ದು ಒಂದೇ ಒಂದು ದಿಕ್ಕು. ಆದರೆ ಅದರಿಂದ ಬೀಜಾಡಿಯ ಹನ್ನೊಂದು ದೋಣಿಗಳು ದಡದಲ್ಲೇ ಕುಳಿತವು.

ದಿನಾ ಹವಾಮಾನ ಸೂಚನೆ ಓದಿ, ಮೀನುಗಾರರ ವಾಟ್ಸಾಪ್ ಗುಂಪಿಗೆ ಬಾಯಿಮಾತಲ್ಲಿ ಹೇಳಿ ಕಳಿಸುವ ಕೆಲಸ ಶೇಖರನದು. ಮುಂಬೈ ಹೋಟೆಲಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಮೆನು ಓದಿ ಬಂದವನಿಗೆ ಇದೆಷ್ಟರ ಕೆಲಸ ಎಂದು ಊರವರು ಅವನ ತಲೆಗೆ ಕಟ್ಟಿದ್ದರು. ಆ ಬೆಳಿಗ್ಗೆ ಸೂಚನೆಯಲ್ಲಿ ನೈಋತ್ಯ ಅರಬ್ಬಿ ಸಮುದ್ರದಲ್ಲಿ ಭಾರಿ ಗಾಳಿ, ಮೀನುಗಾರರು ಇಳಿಯಬಾರದು ಎಂದಿತ್ತು. ನೈಋತ್ಯ ಮುಂಗಾರು ಬರುವುದು ನಮ್ಮೂರಿಗೆ, ಅಂದಮೇಲೆ ನೈಋತ್ಯ ಸಮುದ್ರವೂ ನಮ್ಮದೇ ಎಂದುಕೊಂಡ ಶೇಖರ. "ಹ್ವಾಯ್, ಇವತ್ತ್ ಯಾರೂ ಕಡ್ಲಿಗ್ ಹೋಪ್ದ್ ಬ್ಯಾಡ, ದೊಡ್ ಗಾಳಿ ಇತ್ತ್" ಎಂದು ಕಳಿಸಿ, ಊರು ಉಳಿಸಿದ ಸಮಾಧಾನದಲ್ಲಿ ಚಾ ಕುಡಿದ.

ಹತ್ತು ಗಂಟೆಯಾದರೂ ತೆಂಗಿನ ಗರಿ ಅಲ್ಲಾಡಲಿಲ್ಲ. ಕಡಲು ತಟ್ಟೆಯಲ್ಲಿ ಆರಲು ಬಿಟ್ಟ ಗಂಜಿಯ ಹಾಗೆ ಮಲಗಿತ್ತು. ಶೇಖರ ದಡಕ್ಕೆ ಹೋಗಿ ನೋಡಿದ, ಮನೆಗೆ ಬಂದ, ಕೂರಲಾಗದೆ ಮತ್ತೆ ಹೋದ. ಮಗಳ ಮದುವೆಯ ದಿಬ್ಬಣವನ್ನೂ ಯಾರೂ ಹೀಗೆ ಕಾದಿರಲಿಕ್ಕಿಲ್ಲ, ಹಾಗೆ ಅವನು ಗಾಳಿಯನ್ನು ಕಾದ.

ಗಾಳಿಯ ಬದಲು ಪಕ್ಕದೂರು ಕೋಡಿಯ ಕಡೆಯಿಂದ ಮೀನು ಮಾರುವ ವನಜ ಬಂದಳು. ಬುಟ್ಟಿ ತುಂಬ ಬಂಗುಡೆ.

"ಇದೆಲ್ಲಿದ್ದ್, ವನಜಕ್ಕ?"

"ಕೋಡಿಯವ್ರದ್ದ್. ದೋಣಿ ಮುಳ್ಗುವಷ್ಟ್ ಸಿಕ್ಕಿತ್ತಂಬ್ರ್. ಬೀಜಾಡಿಯಂಗೆ ಮಾತ್ರ ಗಾಳಿ ಅಂಬ್ರಲೆ, ಹೌದಾ?"

ಮಧ್ಯಾಹ್ನದ ಹೊತ್ತಿಗೆ ಶೇಖರನ ಅಂಗಳದಲ್ಲಿ ಊರೇ ನೆರೆದಿತ್ತು. ಪಕ್ಕದ ಮನೆಯ ಕುಷ್ಟಣ್ಣ ಎರಡು ದೋಣಿಯ ಯಜಮಾನ. ಅವನು ಮೊಬೈಲಿನಲ್ಲಿ ನಕ್ಷೆ ತೆಗೆದು ಶೇಖರನ ಮೂಗಿನಡಿ ಹಿಡಿದ.

"ಕಾಣ್ ಮಾರಾಯ, ಬೀಜಾಡಿ ಇಲ್ಲಿತ್ತ್. ನಿನ್ನ್ ನೈಋತ್ಯ ಅಲ್ಲಿತ್ತ್, ಆಫ್ರಿಕಾದ್ ಬಾಗ್ಲಂಗೆ. ಸೋಮಾಲಿಯಾದವ್ರ್ ದೋಣಿ ಎಳ್ದ್ ಇಟ್ಟಿದ್ರೋ ಇಲ್ಯೋ, ನಾವಂತೂ ಇಟ್ಟಾಯ್ತ್."

ಇದು ಮೊದಲ ಸಲವೂ ಅಲ್ಲ. ಹೋದ ವಾರ ಹಿಂದಿನ ದಿನದ ಸೂಚನೆ ಓದಿ ಮಳೆಯಿಲ್ಲ ಎಂದಿದ್ದ. ಬಲೆ ಒಣಗಲು ಹಾಕಿದವರೆಲ್ಲ ಬಲೆಯ ಜೊತೆ ನೆನೆದರು. ಅದಕ್ಕೂ ಮುಂಚೆ ತಮಿಳುನಾಡಿನ ಅಲೆಗಳನ್ನು ಬೀಜಾಡಿಗೆ ತಂದು, ಸಮನಾಗಿದ್ದ ಕಡಲಿಗೆ ಯಾರೂ ಇಳಿಯದ ಹಾಗೆ ಮಾಡಿದ್ದ.

"ನಂಗ್ ಈ ಕೆಲ್ಸ ಬ್ಯಾಡ. ಬೇರೆಯವ್ರಿಗ್ ಕೊಡಿ," ಎಂದು ಶೇಖರ ಕೈಮುಗಿದ.

"ಬಿಡುಕಾತಿಲ್ಲೆ," ಎಂದ ಕುಷ್ಟಣ್ಣ ಶಾಂತವಾಗಿ. "ಮೂರ್ ಸಲ ಹೇಳ್ದೆ, ಮೂರ್ ಸಲವೂ ಉಲ್ಟಾ ಆಯ್ತ್. ಇಷ್ಟ್ ಸಮಾ ಆಪು ಸೂಚನೆ ಮತ್ತೆಲ್ಲ್ ಸಿಕ್ಕತ್ತ್? ನೀ ಹೇಳ್ತಾ ಇರ್, ನಾವ್ ಉಲ್ಟಾ ಮಾಡ್ತೊ."

ಇಡೀ ಅಂಗಳ ತಲೆದೂಗಿತು.

ಸಂಜೆ ನಾಲ್ಕಕ್ಕೆ ಹೊಸ ಸೂಚನೆ ಬಂತು. ಶೇಖರ ಕನ್ನಡಕ ಒರೆಸಿಕೊಂಡು ನಾಲ್ಕು ಬಾರಿ ಓದಿದ. ಕರ್ನಾಟಕ ಕರಾವಳಿ, ಉಡುಪಿ ಜಿಲ್ಲೆ, ಇವತ್ತಿನದೇ ತಾರೀಕು. ಸಂಜೆಯಿಂದಲೇ ಬಿರುಗಾಳಿ. ಅತ್ತ ದಡದಲ್ಲಿ, ಬೆಳಿಗ್ಗೆ ತಪ್ಪಿದ್ದನ್ನು ಸಂಜೆ ಹಿಡಿಯೋಣವೆಂದು ದೋಣಿಗಳಿಗೆ ಬಲೆ ಏರುತ್ತಿತ್ತು.

ಹೋಗಬೇಡಿ ಎಂದರೆ ಹೋಗುತ್ತಾರೆ. ಹೋಗಿ ಎಂದರೆ ಉಳಿಯುತ್ತಾರೆ. ಶೇಖರ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಬಾವಿಕಟ್ಟೆಗೆ ನಡೆದೇ ನಡೆದ. ಕೊನೆಗೆ ಮೊಬೈಲು ಬಾಯಿಯ ಹತ್ತಿರ ಹಿಡಿದು, "ಹ್ವಾಯ್, ಕಡ್ಲ್ ಸಮ ಇತ್ತ್. ಎಲ್ಲರೂ ಹೋಪುಕಕ್ಕ್" ಎಂದುಬಿಟ್ಟು ದಡಕ್ಕೆ ಓಡಿದ.

ಹತ್ತು ನಿಮಿಷದಲ್ಲಿ ದೋಣಿಗೇರಿದ್ದ ಬಲೆಗಳೆಲ್ಲ ಮತ್ತೆ ದಡಕ್ಕೆ ಇಳಿದವು. ಕುಷ್ಟಣ್ಣ ತನ್ನ ದೋಣಿಗಳಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದ. ಬೆಳಗಿನಿಂದ ಮೊದಲ ಸಲ ಶೇಖರನಿಗೆ ಉಸಿರು ಸರಿಯಾಗಿ ಆಡಿತು.

ಮನೆಗೆ ಬಂದರೆ ಹೆಂಡತಿ ರಾಜೀವಿ ಮುಖವರಳಿಸಿ ನಿಂತಿದ್ದಳು. "ಊರೆಲ್ಲ ನಗ್ಯಾಡ್ಲಿ, ನಾನ್ ನಿಮ್ಮನ್ ನಂಬ್ತೆ. ಕಡ್ಲ್ ಸಮ ಇತ್ತ್ ಅಂದ್ರಲೆ, ಕೂಡ್ಲೆ ಕೋಡಿಗ್ ಮಿಥುನಂಗ್ ಫೋನ್ ಮಾಡ್ದೆ. ಭಾವ ಹೇಳಿರ್, ನೀ ಹೋಯಿ ಇವ್ರಿಗೆಲ್ಲ ಒಂದ್ಸಲ ತೋರ್ಸ್ ಅಂದೆ. ಹೊರಟೆ ಅಂದ."

ಮಿಥುನ್ ಅವಳ ಒಬ್ಬನೇ ತಮ್ಮ, ಕೋಡಿಯಲ್ಲಿ ಸ್ವಂತ ದೋಣಿ ಇದ್ದವನು. ಶೇಖರ ಫೋನ್ ಹಚ್ಚಿದ, ಸ್ವಿಚ್ ಆಫ್. ಸ್ಕೂಟರ್ ತೆಗೆದ. ಏನೆಂದು ತಿಳಿಯದೆ ರಾಜೀವಿಯೂ ಹಿಂದೆ ಹತ್ತಿ ಕುಳಿತಳು.

"ಗಾಳಿ ಇತ್ತ್, ರಾಜೀವಿ," ಎಂದ ದಾರಿಯಲ್ಲಿ. "ಸೂಚನೆ ಹೋಪ್ದ್ ಬ್ಯಾಡ ಅಂದೇ ಬಂದದ್ದ್."

"ಮತ್ತೆ ಸಮ ಇತ್ತ್ ಅಂದ್ರಿ?"

"ಅವ್ರೆಲ್ಲ ಉಳೀಲಿ ಅಂದ್ ಸುಳ್ಳ್ ಹೇಳ್ದೆ."

ಹೆಗಲ ಮೇಲಿದ್ದ ಅವಳ ಕೈ ಮೆಲ್ಲನೆ ಹಿಂದೆ ಸರಿಯಿತು.

ಕೋಡಿ ಮುಟ್ಟುವಾಗ ಪಡುವಣ ಕಪ್ಪಾಗಿತ್ತು. ಮಿಥುನ್ ಜಗಲಿಯಲ್ಲಿ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಿದ್ದ. ಸತ್ತ ಮೊಬೈಲು ಪಕ್ಕದಲ್ಲಿ ಚಾರ್ಜಿಗೆ ನೇತಾಡುತ್ತಿತ್ತು.

"ನೀ ಹೋಯಿಲ್ಯಾ?"

"ಹೆಂಗ್ ಹೋಪ್ದ್, ಭಾವ? ನೀವ್ ಸಮ ಇತ್ತ್ ಅಂದ್ರಿ ಅಂದ್ ಅಕ್ಕ ಹೇಳ್ದ್ ಕೂಡ್ಲೆ, ದೋಣಿ ದಡದ್ ಮೇಲೆ ಎಳ್ಸ್ದೆ. ಕೋಡಿಯಂಗೂ ಈಗ ನಿಮ್ಮನ್ ಕೇಂಡೇ ಉಲ್ಟಾ ಮಾಡುದ್. ಅಕ್ಕಂಗ್ ಬೇಜಾರ್ ಆಪ್ದ್ ಬ್ಯಾಡ ಅಂದ್ ಹೊರಟೆ ಅಂದೆ, ಅಷ್ಟೆ."

ಶೇಖರ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಅಳುವೋ ನಗುವೋ ತಿಳಿಯದ ಹಾಗೆ ಮುಖ ಮುಚ್ಚಿಕೊಂಡ. ರಾಜೀವಿ ತಮ್ಮನನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನೇರ ಹೋಗಿ ಸ್ಕೂಟರಿನ ಹಿಂದೆ ಕುಳಿತಳು.

ಮನೆಯ ಅಂಗಳದಲ್ಲಿ ಅವಳು ಬಿಸಿಲಿಗೆ ಹರಡಿದ್ದ ಸೀಗಡಿ ಚಾಪೆಯ ಮೇಲೇ ಇತ್ತು.

"ರಾಜೀವಿ, ಗಾಳಿ ಬತ್ತ್," ಎಂದ ಶೇಖರ ಮೆತ್ತಗೆ. "ಸೀಗಡಿ ಒಳಗ್ ತಕಂಬ."

ರಾಜೀವಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಒಳಗೆ ಹೋಗಿ, ಉಳಿದಿದ್ದ ಒಂದು ಬುಟ್ಟಿ ಸೀಗಡಿಯನ್ನೂ ತಂದು ಚಾಪೆಯ ಮೇಲೆ ಹರಡಿದಳು.